ಎಂಟು ತಂತಿಯೂ ನಮ್ಮವೇ

ತಾಮೇರ್ ಅಣ್ಣ,

ಬೇಯಿಸಿದ ಫೂಲ್ ಕಾಳು ಒಲೆಯ ಮೇಲಿದೆ, ನಿಂಬೆ ಹಿಂಡಿಕೊಂಡು ತಿನ್ನು. ಅದಕ್ಕೂ ಮೊದಲು ಕಂಪ್ಯೂಟರ್ ಹಾಕಿ ನೋಡು. ನೂರು ಎಂಬಿಪಿಎಸ್‌ನಲ್ಲೇ ತೆವಳುತ್ತಿದ್ದ ನಮ್ಮ ಇಂಟರ್ನೆಟ್ ಲೈನ್ ಸಾವಿರಕ್ಕೆ ಏರಿದೆ!

"ರೂಟರ್ ಕೆಟ್ಟಿದೆ, ನಿಂಗೇನು ಗೊತ್ತಾಗುತ್ತೆ ಮೂಗಿ" ಅಂದಿದ್ದೆಯಲ್ಲ? ರೂಟರ್ ಗಟ್ಟಿಮುಟ್ಟಾಗಿದೆ. ಕೇಬಲಿನ ಎಂಟು ತಂತಿಗಳಲ್ಲಿ ನಾಲ್ಕನ್ನು ಬಿಡಿಸಿ ಮೇಲಿನ ಮನೆಯ ಸುಹೈರ್ ಅತ್ತೆಯ ಇಂಟರ್ನೆಟ್ಟಿಗೆ ದಾನ ಮಾಡಿದ ಪುಣ್ಯಾತ್ಮ ನೀನೇ. ಸಾವಿರ ಓಡಬೇಕಾದರೆ ಎಂಟೂ ಬೇಕು.

ಅತ್ತೆಯನ್ನು ಕೈಬಿಟ್ಟಿಲ್ಲ, ಅವರಿಗೆ ಬೇರೆ ಕೇಬಲ್ ಎಳೆದಿದ್ದೇನೆ. ಬಾಲ್ಕನಿಯಿಂದ ತರಕಾರಿ ಬುಟ್ಟಿ ಇಳಿಬಿಟ್ಟರು, ಅದಕ್ಕೆ ಕೇಬಲಿನ ತುದಿ ಕಟ್ಟಿ, "ಎಳೀರಿ ಅತ್ತೆ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ. ಹೌದು, ಬಾಯಿ ಬಿಡೋದಿಲ್ಲ ಅಂತ ನೀನು ಮೂಗಿ ಅನ್ನುವ ನಾನೇ.

ಹುಡುಗಿಯರ ಶಾಲೆಯ ಮುಖ್ಯೋಪಾಧ್ಯಾಯಿನಿ, "ಮೊದ್ಲು ನಿಮ್ಮನೆ ಲೈನ್ ಸರಿಮಾಡಿ ತೋರ್ಸು, ಆಮೇಲೆ ನಮ್ಮ ಕಂಪ್ಯೂಟರ್ ಕೋಣೆ ಕೆಲಸದ ಮಾತು" ಅಂದಿದ್ದರು. ನಿನ್ನೆ ಸಂಜೆ ಬಂದು ನೋಡಿದರು. "ನಾಳೆನೇ ಶುರು ಮಾಡ್ಬಿಡು ಮಗಳೇ" ಅಂದರು. ನನ್ನ ಮೊದಲ ಕೆಲಸ ಅಣ್ಣ! ಅಲ್ಲಿಗೇ ಹೊರಟೆ.

ಅಮ್ಮನ ಮಾತ್ರೆ ಮರೆಯಬೇಡ. ಗೋಡೆಯಂಚಿನ ಕೇಬಲ್ ತುಳಿಯಬೇಡ. ಕೇಬಲಿನ ತುದಿಗೆ ಪ್ಲಗ್ ಒತ್ತಿ ಕೂರಿಸುವ ನಿನ್ನ ಕ್ರಿಂಪಿಂಗ್ ಇಕ್ಕಳ ಹುಡುಕಿ ಮನೆ ತಲೆಕೆಳಗು ಮಾಡಬೇಡ, ಅದು ನನ್ನ ಚೀಲದಲ್ಲಿದೆ. ಇನ್ನು ಮೇಲೆ ಬೇಕಾದಾಗ ನನ್ನನ್ನು ಕೇಳಿ ತಗೋ.

ರಬಾಬ್