ಕಂಬಗಳು ಸುಮ್ಮನಾಗುವ ಮುನ್ನ

ಡೋಣಿ ನದಿ ದಂಡೆಯ ನೆಲದಡಿಯ ಊರು
ಕ್ರಿ.ಶ. ೨೪೧೭, ಬೆಂಕಿಗಾಳಿಯ ತಿಂಗಳು, ಮುಂಜಾನೆ

ಹಿರಿಯರೇ,

ಸುದ್ದಿ ಸಾಗಿಸುವ ಜಾಲವನ್ನು ಈಗಷ್ಟೇ ಕಾಗದದ ಮೇಲೆ ಗೀಚುತ್ತಿರುವವರೇ, ನಿಮ್ಮ ಕಾಲದ ಕನ್ನಡ ನನಗೆ ಪೂರ್ತಿ ಬಾರದು; ಮಾತು ವಿಚಿತ್ರವಾಗಿ ಕಂಡರೆ ಮನ್ನಿಸಿ. ನಾನು ಚಂದವ್ವ, ಈ ಸೀಮೆಯ ಬೆರಕೆಕಂಬಗಳ ಕಾವಲಿನವಳು.

ಬೆರಕೆಕಂಬ ಬಂದ ಸುದ್ದಿಯನ್ನು ಹಾಗೇ ದಾಟಿಸುವುದಿಲ್ಲ. ನಾಲ್ಕು ಕಡೆಯಿಂದ ಬಂದದ್ದನ್ನು ಲೆಕ್ಕ ಹಾಕಿ ಕಲಸಿ, ಕಲಸಿದ ತುಣುಕುಗಳನ್ನು ಎಲ್ಲ ಕಡೆಗೂ ಎಸೆಯುತ್ತದೆ. ಸಾಕಷ್ಟು ಬೇರೆಬೇರೆ ತುಣುಕು ಸಿಕ್ಕರೆ ಕೇಳುವವರ ಪೆಟ್ಟಿಗೆ ಎಲ್ಲವನ್ನೂ ಬಿಡಿಸಿ ಹೇಳುತ್ತದೆ. ಕೆಲವು ದಾರಿಯಲ್ಲಿ ಕಳೆದರೂ ಚಿಂತೆಯಿಲ್ಲ. ಬಿಸಿಲಿಗೆ ಹೆದರಿ ನೆಲದಡಿ ಬದುಕುವ ನಾವು ಹಿಟ್ಟು ನಾದುತ್ತಲೋ ಕೂಸಿಗೆ ಎಣ್ಣೆ ತಿಕ್ಕುತ್ತಲೋ ಅದಕ್ಕೆ ಕಿವಿಗೊಟ್ಟಿರುತ್ತೇವೆ. ಗೊಜಲು ಕೇಳಿಸಿದರೆ ಯಾವುದೋ ಎಚ್ಚರಿಕೆ ಇನ್ನೂ ಬಿಡಿಸಿಕೊಳ್ಳುತ್ತಿದೆ, ನಿಂತಲ್ಲೇ ನಿಲ್ಲಬೇಕು. ಏನೂ ಕೇಳಿಸದಿದ್ದರೆ ಎಲ್ಲ ಸುಖವೆಂದು ನಮ್ಮ ರೂಢಿ.

ನಿನ್ನೆ ಬಿಸಿಲಿಗೆ ಕೆಟ್ಟ ಕಂಬವೊಂದು ಸುಳ್ಳು ತುಣುಕನ್ನು ಸೇರಿಸಿತು. ಬೆರೆಸುವ ಮುಂಚೆ ಪರೀಕ್ಷಿಸುವ ಏರ್ಪಾಡನ್ನು, ವೇಗ ತಗ್ಗುತ್ತದೆಂದು, ನೀವು ಕೈಬಿಟ್ಟಿದ್ದಿರಿ. ಹಾಲಿನ ಕೊಪ್ಪರಿಗೆಗೆ ಹುಳಿ ಹಿಂಡಿದಂತಾಯಿತು. ಕಂಬದಿಂದ ಕಂಬಕ್ಕೆ ಎಲ್ಲವೂ ಕೆಟ್ಟಿತು. ಬೆಂಕಿಗಾಳಿ ಬರುತ್ತಿದೆ ಎಂದು ಮೂರು ಊರಿಗೆ ಕಳಿಸಿದ್ದು, ಕೆಂಪುಬಾವಿಯ ನೀರು ವಿಷವಾಗಿದೆ ಎಂದು ಅಲ್ಲಿಗೆ ನೀರು ತರಲು ಹೋದ ನನ್ನ ಮಗಳು ನಿಂಬೆವ್ವನ ತಂಡಕ್ಕೆ ಕಳಿಸಿದ್ದು, ಎರಡೂ ಈಗ ಬರೀ ಗೊಜಲು. ಆ ಗೊಜಲು ಕೇಳಿಯೇ ಅವಳು ಬಾವಿಕಟ್ಟೆಯ ಮೇಲೆ ಬಾಯಾರಿ ಕಾಯುತ್ತಿರಬೇಕು.

ಕೆಟ್ಟದ್ದು ತೊಲಗಬೇಕಾದರೆ ಕಂಬಗಳನ್ನೆಲ್ಲ ಮಧ್ಯಾಹ್ನದ ತನಕ ನಿಲ್ಲಿಸಿ ಬರಿದು ಮಾಡಬೇಕು. ಆಮೇಲೆ ಕಳಿಸಿದ ಸುದ್ದಿ ಗಾಳಿಗಿಂತ ಮೊದಲು ಊರುಗಳನ್ನು ಮುಟ್ಟೀತು. ನಮ್ಮೂರ ಹಿರಿಯರಾದ ಗುರುಪಾದಪ್ಪ ಮುತ್ತ್ಯಾ ಕಣ್ಣೊರೆಸಿಕೊಂಡೇ ಹೇಳಿದರು: “ನಿಂದ್ರಸವ್ವ ತಂಗಿ. ಒಂದ್ ತಂಡದ ಸಲುವಾಗಿ ಮೂರ್ ಊರು ಸುಡಾಕ ಬಿಡಾಕ ಆಕ್ಕೈತೇನು?” ಅವರ ಮಾತು ಸರಿ. ಅಯ್ಯೋ ಶಿವನೇ, ಸರಿಯಿದೆ ಎಂದೇ ನನಗೆ ಭಯ. ನಮ್ಮ ಮನೆಯವರು ಒದ್ದೆ ಗೋಣಿ ಹೊದ್ದು ಬಾವಿಯ ಕಡೆ ಓಡಿದ್ದಾರೆ. ಈ ಬಿಸಿಲಲ್ಲಿ ಅಷ್ಟು ದೂರ ಹೋಗಿ ಮುಟ್ಟಿದವರನ್ನು ನಾನು ಕಂಡಿಲ್ಲ.

ಕೈಮುಗಿದು ಕೇಳುತ್ತೇನೆ. ಪ್ರತಿ ಕಂಬವೂ ಬೆರೆಸುವ ಮುಂಚೆ ಪರೀಕ್ಷಿಸಲಿ, ತಡವಾದರೆ ಆಗಲಿ. ಎಲ್ಲ ಸುಖವೆಂಬುದಕ್ಕೂ ಒಂದು ಸದ್ದು ಇರಲಿ. ನಿಮಗಿನ್ನೂ ಹೊತ್ತಿದೆ, ನನಗಿಲ್ಲ.

ಗುಂಡಿ ಒತ್ತಿದೆ. ಕಂಬಗಳು ಒಂದೊಂದಾಗಿ ನಿಲ್ಲುತ್ತಿವೆ. ಬಾವಿಕಟ್ಟೆಯ ಮೇಲಿನ ಪೆಟ್ಟಿಗೆ ಸುಮ್ಮನಾಗುತ್ತಲೇ ನನ್ನ ನಿಂಬೆವ್ವ ನಕ್ಕು, ಎಲ್ಲರಿಗಿಂತ ಮೊದಲು ಕೊಡ ಇಳಿಸುತ್ತಾಳೆ.

ಚಂದವ್ವ