ಹಾಡಿನಲ್ಲಿ ಮುಳುಗಿದ ವರ್ಡಾ

ಸಾರಲ್ ಹಳ್ಳ, ಕೆಂಟಕಿ
೧೭ ಅಕ್ಟೋಬರ್ ೧೯೫೧

ಪ್ರೀತಿಯ ಮಗ ಕಾರ್ಲಿಸ್‌ಗೆ,

ಒಹಾಯೊದ ಚಳಿಗೆ ನಿನ್ನ ಕೆಮ್ಮು ಜಾಸ್ತಿಯಾಗಿಲ್ಲ ತಾನೆ? ಕಾರ್ಖಾನೆಯ ಊಟ ಮೈಗೆ ಹಿಡಿಸಿತಾ? ನಾನು ಗಟ್ಟಿಮುಟ್ಟಾಗಿದ್ದೇನೆ. ಈ ವರ್ಷದ ಜೋನಿಬೆಲ್ಲ ಕಾಯಿಸಿದ್ದಾಯಿತು, ಒಂದು ಜಾಡಿ ನಿನಗೆಂದೇ ಎತ್ತಿಟ್ಟಿದ್ದೇನೆ.

ವರ್ಡಾ ನಿನ್ನನ್ನು ಬಿಟ್ಟು ಮರದ ಮಿಲ್ಲಿನ ಎಲ್ಝಿಯನ್ನು ಮದುವೆಯಾದಾಗ ಹಾಡು ಕಟ್ಟಿದೆಯಲ್ಲ, ಊರು ಬಿಡುವ ಮೊದಲು ಜಗಲಿಯಲ್ಲಿ ಕೂತು ಹಾಡಿದೆಯಲ್ಲ, ಅದನ್ನು ನಿನ್ನ ಹೋಬರ್ಟ್ ಮಾವ ಕಲಿತುಬಿಟ್ಟಿದ್ದಾನೆ. ಹೋದ ಶನಿವಾರ ಪೇಟೆಯ ರೇಡಿಯೊದಲ್ಲಿ ಬ್ಯಾಂಜೊ ಬಾರಿಸಿಕೊಂಡು ಹಾಡಿಯೂಬಿಟ್ಟ. ನನ್ನನ್ನು ಕೇಳಲಿಲ್ಲ, ನಿನ್ನನ್ನಂತೂ ಮೊದಲೇ ಇಲ್ಲ. ನನ್ನ ತಮ್ಮನ ಬುದ್ಧಿ ನಿನಗೆ ಗೊತ್ತಿದ್ದದ್ದೇ. ರೇಡಿಯೊ ಇರುವ ಮನೆಗಳಲ್ಲೆಲ್ಲ ಹೆಂಗಸರು ಕಣ್ಣೊರೆಸಿಕೊಂಡರಂತೆ.

ಸೋಮವಾರ ಬೆಳಿಗ್ಗೆಯೇ ವರ್ಡಾ ಬಂದಳು. ತುಂಬಿದ ಬಸುರಿ, ಏರು ಹತ್ತಿ ಏದುಸಿರು ಬಿಡುತ್ತಿದ್ದಳು. "ಓರ್ಫಮ್ಮಾ, ನಿಮ್ಮ ಮಗ ಹಾಡಲ್ಲಿ ನನ್ನನ್ನ ಹೊಳೇಲಿ ಮುಳುಗಿಸಿ ಸಾಯಿಸೇಬಿಟ್ಟಿದ್ದಾನಲ್ಲ! ಅಂಗಡಿಗೆ ಹೋದ್ರೆ ಜನ ದೆವ್ವ ನೋಡ್ದಂಗೆ ನೋಡ್ತಾರೆ" ಅಂದಳು. "ಅವನು ಹೆಸರು ಹೇಳಿಲ್ಲ ಕಣೇ" ಅಂದೆ. "ಹೆಸರು ಯಾಕ್ ಬೇಕು? ಎಡಗೆನ್ನೆ ಮಚ್ಚೆ ಹಾಡಿದ್ದಾನಲ್ಲ!" ಅಂದಳು. ನನಗೆ ನಗು ತಡೆಯಲಾಗಲಿಲ್ಲ. ಅವಳೂ ನಕ್ಕಳು, ನಗುನಗುತ್ತಲೇ ಅತ್ತುಬಿಟ್ಟಳು. ನಿನ್ನನ್ನು ನೋಯಿಸಿದ್ದು ಅವಳಿಗೂ ಮುಳ್ಳಾಗಿಯೇ ಉಳಿದಿದೆ ಮಗಾ. ಎಲ್ಝಿ ಒಳ್ಳೆಯವನು, ಸುಖವಾಗಿದ್ದೇನೆ ಅಂದಳು. ಮುಖ ನೋಡಿದರೆ ಸುಳ್ಳೆನಿಸಲಿಲ್ಲ. ಮೆಕ್ಕೆಜೋಳದ ರೊಟ್ಟಿ, ಮಜ್ಜಿಗೆ ಕೊಟ್ಟೆ. ಸತ್ತವಳಾದರೂ ಇಬ್ಬರ ಪಾಲು ತಿಂದಳು! ಹೊರಡುವಾಗ, "ಹಾಡು ಬದಲಾಯಿಸೋದು ಬೇಡ ಅಂತ ಹೇಳಿ. ಚೆನ್ನಾಗಿದೆ. ನಾನು ಬದುಕಿದ್ದೀನಿ ಅನ್ನೋದು ಅವನಿಗೆ ಗೊತ್ತಿದ್ರೆ ಸಾಕು" ಅಂದಳು.

ಅವಳ ಮೇಲೆ ನನಗೂ ಸಿಟ್ಟಿತ್ತು. ಆ ದಿನ ಅವಳು ಹೊಟ್ಟೆ ಹಿಡಿದುಕೊಂಡು ಹುಷಾರಾಗಿ ಇಳಿದು ಹೋಗುವುದನ್ನು ನೋಡುತ್ತ ನಿಂತಾಗ ಅದೂ ಇಳಿದುಹೋಯಿತು. ನಿನ್ನದೂ ಇಳಿಯಲಿ.

ದೇವರು ನಿನ್ನ ಕೈಕಾಲುಗಳನ್ನು ಆ ಯಂತ್ರಗಳಿಂದ ಕಾಯಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಮ್ಮ,
ಓರ್ಫಾ

ಮರೆತೇಬಿಟ್ಟಿದ್ದೆ, ಅಂಚೆಯವನು ಬೇಲಿಯ ಹತ್ತಿರ ನಿಂತು ಕೂಗುತ್ತಿದ್ದಾನೆ. ಹೋಬರ್ಟನ ಜೊತೆ ಪಿಟೀಲು ನುಡಿಸುವ ಐಯೋನ್ ಅಂತ ಒಬ್ಬ ಹುಡುಗಿ ಇದ್ದಾಳೆ, ಗುಡ್ಡದ ಆಚೆ ಕಡೆಯವಳು. ನಿನ್ನ ಹಾಡಿನ ಬಗ್ಗೆ ನನ್ನ ಹತ್ತಿರ, "ಇಷ್ಟು ಅಳೋ ಮಾತಿಗೆ ಇಷ್ಟು ಕುಣಿಯೋ ರಾಗ ಹಾಕಿದಾನಲ್ಲ, ಅವನಿಗಿನ್ನೂ ಬದುಕೋ ಆಸೆ ಇದೆ ಕಣ್ರೀ" ಅಂದಳು. ತಿಂಗಳ ಕೊನೆಯ ಭಾನುವಾರ ಅವರ ತಂಡ ನೀನಿರುವ ಊರಿಗೇ ಬರುತ್ತಿದೆ. ನಿನ್ನ ವಿಳಾಸ ಅವಳಿಗೆ ಕೊಟ್ಟಿದ್ದೇನೆ. ಗಡ್ಡ ಬೋಳಿಸಿಕೊಂಡು, ಒಗೆದ ಅಂಗಿ ಹಾಕಿಕೊಂಡಿರು.