ಗುಬ್ಬಿಗೆ ಬಿದ್ದ ಪೆಟ್ಟು

ಮನೆಯಿಂದ,
ಹದಿನಾಲ್ಕನೇ ತಾರೀಖು, ಭಾನುವಾರ

ಪ್ರೀತಿಯ ದೊಡ್ಡೋನೇ,

ಹೇಗಿದ್ದೀಯಪ್ಪಾ? ವೆಲ್ಡಿಂಗ್ ಕಿಡಿ ಹಾರಿ ಮುಂಗೈ ಸುಟ್ಟಿತ್ತಲ್ಲ, ಗಾಯ ಮಾಯಿತೇ? ಹಡಗುಕಟ್ಟೆಯ ಕೆಲಸ ಎಷ್ಟೇ ಇರಲಿ, ಹೊತ್ತಿಗೆ ಸರಿಯಾಗಿ ಉಣ್ಣು. ನನ್ನ ಮಂಡಿನೋವು ಇದ್ದ ಹಾಗೇ ಇದೆ. ಹೋಟೆಲಿನ ಲಾಂಡ್ರಿಯಲ್ಲಿ ನನ್ನನ್ನು ಇಸ್ತ್ರಿಯಿಂದ ಬಿಡಿಸಿ ಬಟ್ಟೆ ಮಡಿಸುವ ಮೇಜಿಗೆ ಹಾಕಿದ್ದಾರೆ, ಕೂತು ಮಾಡಬಹುದು. ಫೋನಿನಲ್ಲಿ ಏನು ಹೇಳಿದರೂ ನೀನು ‘ಹ್ಞೂಂ, ಹ್ಞೂಂ’ ಅನ್ನುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ತಮ್ಮನ ಶಾಲೆಯಲ್ಲಿ ಕಿರುಚಿತ್ರ ತೆಗೆದದ್ದು ನಿನಗೆ ಗೊತ್ತು. ಹದಿಹರೆಯದ ಹುಡುಗರ ಕಥೆ. ನಟರು ಬೇಡ, ಇಲ್ಲಿಯ ಹುಡುಗರೇ ಬೇಕು ಅಂದರಂತೆ ಸಿನಿಮಾದ ಮೇಡಂ. ಉಗುರಿಗೆ ಬಣ್ಣ ಹಚ್ಚಿಕೊಂಡು ಮೆಟ್ಟಿಲ ಕೆಳಗೆ ಒಬ್ಬನೇ ಕುಣಿಯುವ ಹುಡುಗನ ಪಾತ್ರ ಕ್ಷೌರದಂಗಡಿಯವರ ಮಗನಿಗೆ ಸಿಕ್ಕಿತು. ಅದೇ, ಎಲ್ಲರೂ ಗುಬ್ಬಿ ಅನ್ನುತ್ತಾರಲ್ಲ, ಅವನಿಗೆ. (ಬಣ್ಣದ ಶೀಶೆ ಅವನದೇ ಅಂತೆ, ಸಿನಿಮಾದವರು ತಂದದ್ದಲ್ಲ.) ಅವನನ್ನು ಕಾಡಿಸಿ ಕೊನೆಗೆ ಹೊಡೆಯುವ ಪುಂಡನ ಪಾತ್ರ ನಮ್ಮವನಿಗೆ. ಇರುವೆಗೂ ದಾರಿ ಬಿಟ್ಟು ನಡೆಯುವ ಹುಡುಗ ಅವನು. ಆದರೆ ನಿನ್ನ ಹಳೆಯ ಜಾಕೆಟ್ ತೊಟ್ಟು, ನಿನ್ನ ಹಾಗೇ ಭುಜ ಅಗಲಿಸಿ ನಡೆಯುವುದನ್ನು ಕನ್ನಡಿ ಮುಂದೆ ಕಲಿತ. ಬೀದಿಯ ಹುಡುಗರು ಸರಿದು ನಿಲ್ಲತೊಡಗಿದರು, ಅದು ಅವನಿಗೆ ರುಚಿಸಿತು. ಶೂಟಿಂಗ್ ಇಲ್ಲದ ದಿನವೂ ಅದೇ ನಡಿಗೆ, ಅದೇ ಗಡಸು ಮಾತು. ಉಂಡ ತಟ್ಟೆ ತೊಳೆದಿಡು ಅಂದರೆ, ಅದು ಗಂಡಸರ ಕೆಲಸವಾ ಅಂತ ಕೇಳಿದ. ಎಲ್ಲಿಯ ಗಂಡಸು, ಮೀಸೆ ಇನ್ನೂ ಪೆನ್ಸಿಲ್ ಗೀಟಿನಷ್ಟಿದೆ. ಬೆಳಿಗ್ಗೆ ಅದೇ ತೊಳೆಯದ ತಟ್ಟೆಯಲ್ಲಿ ಬಡಿಸಿದೆ.

ಹೊಡೆತದ ದೃಶ್ಯದ ದಿನ ನನಗೆ ರಜೆ ಇತ್ತು, ನೋಡಲು ಹೋಗಿದ್ದೆ. ಕೈಯನ್ನು ಕೆನ್ನೆಯ ಪಕ್ಕದಲ್ಲಿ ಹಾಯಿಸಬೇಕು, ತಾಗಿಸಬಾರದು ಅಂತ ಹೇಳಿಕೊಟ್ಟಿದ್ದರು. ನಮ್ಮವನು ಬೀಸಿ ಹೊಡೆದೇಬಿಟ್ಟ. ಗುಬ್ಬಿಯ ತುಟಿ ಒಡೆದು ಗಲ್ಲದವರೆಗೆ ರಕ್ತ ಇಳಿಯಿತು. ಆ ಹುಡುಗ ಬೈಯಲಿಲ್ಲ. ತೋಳಿನಿಂದ ಒರೆಸಿಕೊಂಡು ಮೇಡಂ ಕಡೆ ತಿರುಗಿ, “ಸರಿಯಾಗಿ ಬಂತಾ, ಇಲ್ಲ ಇನ್ನೊಂದ್ಸಲ ಹೊಡೀಬೇಕಾ ಅವನು?” ಅಂದ. ನಿನ್ನ ತಮ್ಮ ಹಿಂದಕ್ಕೆ ಸರಿದು, ನಲ್ಲಿಗಳ ಸಾಲಿನ ಹತ್ತಿರ ಕುಕ್ಕರಿಸಿ ಕೂತು ಅತ್ತ. ಕಣ್ಣು ತುಂಬಿಕೊಳ್ಳುವುದಲ್ಲ, ಮೂಗು ಬಾಯಿ ಒಂದಾಗುವ ಹಾಗೆ. ನಾನು ಹತ್ತಿರ ಹೋದರೆ ಕೈಸನ್ನೆ ಮಾಡಿ ಬೇಡ ಅಂದ. ಕ್ಯಾಮೆರಾದವನು ದೂರದಿಂದ ಅದನ್ನೂ ಹಿಡಿದಿದ್ದ.

ಚಿತ್ರ ಆ ಅಳುವಿನಲ್ಲೇ ಮುಗಿಯಲಿ, ಆದರೆ ಅವನು ಒಪ್ಪಿದರೆ ಮಾತ್ರ ಅಂದರು ಮೇಡಂ. ಸಾಧ್ಯವೇ ಇಲ್ಲ, ನಾಳೆ ತಲೆಯೆತ್ತಿ ಹೇಗೆ ತಿರುಗಲಿ ಅಂದ ಇವನು. ಊಟ ಸೇರಲಿಲ್ಲ. ಆಮೇಲೆ ತಾನಾಗಿ ಕ್ಷೌರದಂಗಡಿಗೆ ಹೋಗಿ ತಪ್ಪಾಯಿತು ಅಂದನಂತೆ, ಮೇಡಂ ಕೇಳಿದ್ದನ್ನೂ ಹೇಳಿದನಂತೆ. ಗುಬ್ಬಿ ನೆಲದ ಕೂದಲು ಗುಡಿಸುತ್ತಲೇ, “ನನ್ನ ರಕ್ತ ಎಲ್ರೂ ನೋಡ್ಬಹುದು, ನಿನ್ನ ಕಣ್ಣೀರು ನೋಡ್ಬಾರ್ದಾ?” ಅಂದ. ಇವನು ಅಂಗಡಿಯಿಂದಲೇ ಮೇಡಂಗೆ ಫೋನ್ ಮಾಡಿ, ಇರಲಿ ಬಿಡಿ ಅಂದ.

ಶಾಲೆಯ ಸಭಾಂಗಣದಲ್ಲಿ ತೋರಿಸಿದರು. ಸುಳ್ಳೇಕೆ ಹೇಳಲಿ, ಅವನು ಅಳುವಾಗ ಹಿಂದಿನ ಸಾಲಿನವರು ನಕ್ಕರು, ಶಿಳ್ಳೆ ಹಾಕಿದರು, ದೀಪ ಹತ್ತುವವರೆಗೂ ನಗುತ್ತಲೇ ಇದ್ದರು. ಅವನ ಕಿವಿ ಕೆಂಪಾದವು, ಎದ್ದು ಹೋಗಲಿಲ್ಲ. ಪಕ್ಕದಲ್ಲಿ ಗುಬ್ಬಿ ನೆಟ್ಟಗೆ ಕೂತಿದ್ದ. ಈಗ ಶಾಲೆಯಲ್ಲಿ ಇವನಿಗೆ ‘ನಲ್ಲಿ’ ಅಂತ ಹೆಸರಿಟ್ಟಿದ್ದಾರೆ. ಕರೆದರೆ ಏನು ಅಂತ ತಿರುಗಿ ನೋಡುತ್ತಾನಂತೆ.

ಮೈ ಕಡೆ ಜೋಪಾನ. ಎತ್ತರದಲ್ಲಿ ನಿಂತು ಕೆಲಸ ಮಾಡುವಾಗ ಸೊಂಟದ ಪಟ್ಟಿ ಬಿಗಿದುಕೋ. ನಿನ್ನ ಕೋಣೆಯ ಗೆಳೆಯರನ್ನು ಕೇಳಿದೆ ಅಂತ ಹೇಳು. ನೂರು ಕಾಲ ನೆಮ್ಮದಿಯಾಗಿ ಬಾಳು ಮಗನೇ.

ನಿನ್ನ
ಅಮ್ಮ

ಮತ್ತೊಂದು ಮಾತು. ಅವನು ನಿನಗೆ ಚಿತ್ರ ಕಳಿಸಿ ತಿಂಗಳಾಯಿತು. ನೀನು ನೋಡಿದ್ದೀಯ ಅಂತ ಫೋನು ತೋರಿಸುತ್ತದಂತೆ. ಅಷ್ಟು ಜನ ನಕ್ಕಾಗ ಅಲುಗದವನು, ಫೋನು ಸದ್ದಾದಾಗಲೆಲ್ಲ ಉಣ್ಣುವುದನ್ನು ಬಿಟ್ಟು ಎದ್ದು ಹೋಗುತ್ತಾನೆ. ನಿನಗೆ ಏನನ್ನಿಸಿತೋ ಅದನ್ನೇ ಅವನಿಗೆ ಬರೆ. ನಾಚಿಕೆಯಾಗಿದ್ದರೆ ನಾಚಿಕೆಯಾಯಿತು ಅಂತಲೇ ಬರೆ. ಸುಮ್ಮನೆ ಮಾತ್ರ ಇರಬೇಡ.